ಉಪ್ಪುನೀರಲ್ಲಿ ಎರಡು ಸಾಲು

ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನ ಉಪ್ಪುನೀರಲ್ಲಿ ಬೆರೆಸಿ, ಗಾಜಿನ ಪಟ್ಟಿ ಮೇಲಿಟ್ಟು, ಮೈಕ್ರೋಸ್ಕೋಪಿನ ಬೆಳಕು ಸ್ವಲ್ಪ ತಗ್ಗಿಸಿ ನೋಡಬೇಕು. ಕೆಂಪು ರಕ್ತಕಣಗಳು ತೇಲ್ತಾ ಇರ್ತವೆ. ಕೆಂಪು ಅನ್ನೋದು ಹೆಸರಿಗಷ್ಟೇ, ಒಂದೊಂದಾಗಿ ನೋಡಿದ್ರೆ ತಿಳಿ ಜೇನಿನ ಬಣ್ಣ. ಹಾಗೇ ಕಣ್ಣಿಟ್ಟು ಕೂತ್ರೆ ಇನ್ನೊಂದು ಕಾಣುತ್ತೆ: ಪ್ರತಿಯೊಂದರ ಅಂಚೂ ಸಣ್ಣಗೆ ನಡುಗ್ತಾ ಇರುತ್ತೆ. ಯಾರೂ ಅಲ್ಲಾಡಿಸಿಲ್ಲ, ಫ್ಯಾನು ಕೂಡ ಹಾಕಿಲ್ಲ, ಆದ್ರೂ ನಡುಕ. ಕಣದ ಪೊರೆ ಅಷ್ಟು ತೆಳು, ಅಷ್ಟು ಸಡಿಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನ ನೋಡ್ತಾ ಮೈಮರೆತು ಎಷ್ಟು ಸಲ ಕಾಫಿ ಆರಿಸಿಕೊಂಡಿದೀನೋ, ಎಷ್ಟು ಬೈಸಿಕೊಂಡಿದೀನೋ ಲೆಕ್ಕ ಇಲ್ಲ.

ನಮ್ಮ ಲ್ಯಾಬು ಇರೋದು ಪುಲಿಕೇಶಿನಗರದಲ್ಲಿ, ಮಾಸ್ಕ್ ರೋಡಿಂದ ಒಳಗೆ ತಿರುಗೋ ಒಂದು ಗಲ್ಲಿಯ ಹಳೇ ಬಂಗಲೆಯಲ್ಲಿ. ಮುಂದಿನ ಮೂರು ಕೋಣೆ ನಮ್ಮದು, ಹಿಂದೆ ಬಂಗಲೆ ಮಾಲೀಕರ ಸಂಸಾರ. ನನ್ನ ಮನೆ ಹೊಸ ತಿಪ್ಪಸಂದ್ರದಲ್ಲಿ. ಬೆಳಗ್ಗೆ ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿಬಿಟ್ರೆ ನಾನೇ ರಾಣಿ. ಹಲಸೂರು ಕೆರೆ ಪಕ್ಕ ಬರೋ ಹೊತ್ತಿಗೆ ಅರೆನಿದ್ದೆ. ಆ ಅರೆನಿದ್ದೆಯಲ್ಲಿ ಕೆರೆ, ಅದರ ಮೇಲಿನ ಬೆಳಕು, ಬಸ್ಸಿನ ಕಂಡಕ್ಟರು, ನಿನ್ನೆ ನೋಡಿದ ಸ್ಲೈಡು, ಎಲ್ಲ ಒಂದರೊಳಗೊಂದು ಸೇರಿಕೊಂಡು ತೇಲ್ತಿದ್ವು. ಎಷ್ಟೋ ಸಲ ಸ್ಟಾಪು ದಾಟಿ ಹೋಗಿದೀನಿ. ಕಂಡಕ್ಟರಿಗೆ ಬೈದೂ ಇದೀನಿ, ತಪ್ಪು ಅವನದ್ದಲ್ಲ ಅಂತ ಗೊತ್ತಿದ್ದೂ.

ಪೊರೆ ಅಂದ್ರೆ ಏನು ಅಂತ ಟ್ರೈನಿಂಗಿಗೆ ಬರೋ ಹುಡುಗಿಯರು ಕೇಳಿದ್ರೆ ನಾನು ಸಾರಿನ ಪಾತ್ರೆ ತೋರಿಸ್ತೀನಿ. ಸಾರಿನ ಮೇಲೆ ಎಣ್ಣೆ ಹೇಗೆ ನೀರನ್ನ ಬಿಟ್ಟು ತನ್ನ ಪಾಡಿಗೆ ತಾನು ಗುಂಪಾಗುತ್ತೆ ನೋಡಿ. ಪೊರೆಯೂ ಒಂಥರಾ ಕೊಬ್ಬೇ. ಆದ್ರೆ ಅದರ ಒಂದೊಂದು ಅಣುವಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಕಂಡ್ರೆ ಆಗಲ್ಲ. ಪಾಪ, ಏನ್ ಮಾಡ್ಬೇಕು? ಎರಡು ಸಾಲಾಗಿ ನಿಂತು, ಬಾಲಗಳನ್ನೆಲ್ಲ ಮಧ್ಯಕ್ಕೆ ಬಚ್ಚಿಟ್ಟುಕೊಂಡು, ತಲೆಗಳನ್ನ ಹೊರಗಿನ ನೀರಿಗೊಂದು ಸಾಲು, ಒಳಗಿನ ನೀರಿಗೊಂದು ಸಾಲು ಒಡ್ಡಿಕೊಂಡು ನಿಲ್ತವೆ. ಯಾರೂ ಅಂಟು ಹಚ್ಚಿಲ್ಲ, ಗಂಟು ಹಾಕಿಲ್ಲ. ನಿಂತ ಕಡೆ ನಿಲ್ಲೋದೂ ಇಲ್ಲ, ಸಂಜೆ ಮಾರ್ಕೆಟ್ಟಿನ ಜನದ ಹಾಗೆ ಅಕ್ಕಪಕ್ಕ ಜರುಗ್ತಾನೇ ಇರ್ತವೆ. ಅಲ್ಲಲ್ಲಿ ಪ್ರೋಟೀನಿನ ಬಾಗಿಲುಗಳು, ನೀರಿಗೆ ಬೇರೆ, ಉಪ್ಪಿಗೆ ಬೇರೆ, ಸಕ್ಕರೆಗೆ ಬೇರೆ. ರಕ್ತಕಣದಲ್ಲಾದರೆ ಪೊರೆಯ ಒಳಮೈಗೆ ಇನ್ನೊಂದು ಸಣ್ಣ ಬಲೆ ಇರುತ್ತೆ, ಆಕಾರ ಹಿಡಿದಿಡೋದಕ್ಕೆ. ಇಷ್ಟು ಹೇಳಿ ಮುಗಿಸೋ ಹೊತ್ತಿಗೆ ಹುಡುಗಿಯರು ಮೊಬೈಲ್ ನೋಡ್ತಿರ್ತಾರೆ, ನನಗೆ ಸಿಟ್ಟು ನೆತ್ತಿಗೇರುತ್ತೆ.

ಈ ಪೊರೆ ಎಷ್ಟು ಗಟ್ಟಿ ಅಂತ ನೋಡೋ ಪರೀಕ್ಷೆ ಒಂದಿದೆ. ಹನ್ನೆರಡು ಪುಟ್ಟ ಟ್ಯೂಬು ಸಾಲಾಗಿ ನಿಲ್ಲಿಸ್ಬೇಕು. ಮೊದಲನೇದರಲ್ಲಿ ರಕ್ತದಷ್ಟೇ ಉಪ್ಪಿರೋ ನೀರು. ಆಮೇಲೆ ಒಂದೊಂದಕ್ಕೂ ಉಪ್ಪು ಕಮ್ಮಿ ಮಾಡ್ತಾ ಬಂದು, ಕೊನೇದರಲ್ಲಿ ಬರೀ ನೀರು. ಎಲ್ಲದಕ್ಕೂ ಒಂದೊಂದು ಹನಿ ರಕ್ತ. ಉಪ್ಪು ಕಮ್ಮಿಯಾದಷ್ಟೂ ನೀರು ಕಣದೊಳಗೆ ನುಗ್ಗುತ್ತೆ, ಕಣ ಉಬ್ಬುತ್ತೆ, ಒಂದು ಹಂತದಲ್ಲಿ ತಡೀಲಾರದೆ ಒಡೆದುಹೋಗುತ್ತೆ. ಒಡೆಯದಿದ್ರೆ ಮೇಲಿನ ನೀರು ತಿಳಿಯಾಗಿರುತ್ತೆ, ಒಡೆದ್ರೆ ಕೆಂಪು. ಎಲ್ಲ ಚೆಲ್ಲಿಕೊಂಡ ಮೇಲೆ ಬರೀ ಪೊರೆ ಉಳಿಯುತ್ತಲ್ಲ, ಅದನ್ನ ನಮ್ಮ ಕಡೆ ಘೋಸ್ಟ್ ಅಂತೀವಿ. ಬಿಳೀ ನೆರಳಿನ ಹಾಗೆ ತಳದಲ್ಲಿ ಕೂತಿರುತ್ತೆ. ಯಾವ ಟ್ಯೂಬಿಂದ ಕೆಂಪು ಶುರುವಾಯ್ತು ಅನ್ನೋದೇ ಉತ್ತರ. ಕಿಟಕಿ ಬೆಳಕಿಗೆ ಹಿಡಿದು ಓದ್ತಿದ್ವಿ. ಬಿಸಿಲು ಟ್ಯೂಬುಗಳ ಮೂಲಕ ಹಾದು ಎದುರಿನ ಗೋಡೆ ಮೇಲೆ ಬೀಳೋದು, ತಿಳಿಗುಲಾಬಿಯಿಂದ ಕೆಂಪಿನವರೆಗೆ. ಅಷ್ಟು ಚೆಂದದ ಗೋಡೆ ನಾನು ಯಾವ ಶ್ರೀಮಂತರ ಮನೇಲೂ ನೋಡಿಲ್ಲ.

ಆದ್ರೆ ರೋಗಿಯ ಸಾಲು ಒಂದೇ ಇಟ್ರೆ ಆಗಲ್ಲ. ಪಕ್ಕದಲ್ಲಿ ಆರೋಗ್ಯವಾಗಿರೋ ಒಬ್ಬರ ರಕ್ತದ ಇನ್ನೊಂದು ಸಾಲು ಇಡ್ಬೇಕು, ಹೋಲಿಸಿ ನೋಡೋಕೆ. ಅದಕ್ಕೆ ಕಂಟ್ರೋಲ್ ಅಂತ ಹೆಸರು. ನನಗೆ ಕೆಲಸ ಕಲಿಸಿದ ಮೇಷ್ಟ್ರು ಒಬ್ಬರಿದ್ರು, ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ನು. ಇಪ್ಪತ್ತೈದು ವರ್ಷ ಅವರೇ ತೋಳು ಮಡಿಸಿ ತಮ್ಮ ರಕ್ತ ಕೊಡ್ತಿದ್ರು. ನಾರ್ಮಲ್ ಎಷ್ಟು ಅಂತ ಪುಸ್ತಕದ ಪಟ್ಟಿಯಲ್ಲಿರೋ ಅಂಕಿ ಆಮೇಲೆ ನೋಡಿ, ಮೊದಲು ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿ ಅನ್ನೋರು. ಅವರು ರಿಟೈರ್ ಆದ ದಿನ ನಾನು ಸುಮ್ಮನಿರದೆ, "ಇನ್ಮೇಲೆ ಕಂಟ್ರೋಲ್ ನಾನೇ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಜಂಬ ಅಂದ್ರೆ ಜಂಬ ನನಗೆ. ಏನೋ ಪಟ್ಟಾಭಿಷೇಕ ಆದ ಹಾಗೆ.

ಈ ಪರೀಕ್ಷೆ ಬರೋದೇ ಅಪರೂಪ. ನಾನು ಕಂಟ್ರೋಲ್ ಆಗಿ ಕೆಲವು ತಿಂಗಳ ಮೇಲೆ, ಮೊದಲನೇದಾಗಿ ಒಬ್ಬ ತಾಯಿ, ಮಗಳು ಬಂದ್ರು. ತಾಯಿ ಶಿವಾಜಿನಗರದವರು, ಮನೇಲೇ ಬ್ಲೌಸು, ಚೂಡಿದಾರ ಹೊಲಿಯೋರು. ಮನೆಯಲ್ಲಿ ದಖನಿ ಉರ್ದು, ನಮ್ಮ ಹತ್ರ ಕನ್ನಡ. ಮಗಳಿಗೆ ಆಗ ಹನ್ನೊಂದು. ಕಣ್ಣಿನ ಬಿಳಿ ಭಾಗ ಹಳದಿ, ಮುಖ ಬಿಳಿಚಿಕೊಂಡಿತ್ತು, ಬಾಯಿ ಮಾತ್ರ ಪಟಪಟ. ಸೂಜಿ ಚುಚ್ಚೋವಾಗ "ಖಾಲಾ, ನೋವಾದ್ರೆ ನಿಮ್ಮನ್ನೇ ಕಚ್ತೀನಿ" ಅಂದಳು, ಚಿಕ್ಕಮ್ಮನ್ನ ಕರೆಯೋ ಹಾಗೆ.

"ಕಚ್ಚು, ನನ್ನ ರಕ್ತ ಕಹಿ" ಅಂದೆ ನಾನು.

ಹುಡುಗಿಯನ್ನ ಹೊರಗೆ ಕೂರಿಸಿ ಬಂದು ತಾಯಿ ಮೆಲ್ಲಗೆ ಹೇಳಿದ್ರು. ಹುಡುಗಿಯ ಅಪ್ಪನ ತಂಗಿಗೂ ಹೀಗೇ ವರ್ಷಕ್ಕೆ ಎರಡು ಸಲ ಕಣ್ಣು ಹಳದಿಯಾಗ್ತಿತ್ತಂತೆ. ಹದಿನಾರನೇ ವಯಸ್ಸಿಗೆ ಒಂದು ಜ್ವರ ಬಂತು, ನಾಲ್ಕೇ ದಿನಕ್ಕೆ ಹೋಗಿಬಿಟ್ಟಳು. ಏನಾಗಿತ್ತು ಅಂತ ಯಾರಿಗೂ ಗೊತ್ತಾಗ್ಲಿಲ್ಲ. "ನಮ್ಮನೇಲಿ ಈ ಹುಡ್ಗಿಗೆ ಬರ್ತ್‌ಡೇ ಮಾಡಲ್ಲ ಮೇಡಮ್. ವಯಸ್ಸು ಒಂದೊಂದು ಏರಿದಷ್ಟೂ ಆ ಹದಿನಾರು ಹತ್ರ ಬರುತ್ತೆ ಅಂತ ನನಗೆ ಭಯ ಆಗುತ್ತೆ. ಏನಿದೆ ಅಂತ ಸರಿಯಾಗಿ ನೋಡಿ ಹೇಳಿ, ನಿಮಗೆ ಕೈ ಮುಗೀತೀನಿ" ಅಂದ್ರು.

ನಾನು ನೋಡಿದೆ. ಎರಡು ಸಾಲು ಇಟ್ಟೆ, ಹುಡುಗಿಯದೊಂದು, ನನ್ನದೊಂದು. ಎರಡರಲ್ಲೂ ಕೆಂಪು ಬೇಗ ಶುರುವಾಗಿತ್ತು, ಆಗಬೇಕಾದ್ದಕ್ಕಿಂತ ಎರಡು ಟ್ಯೂಬು ಮುಂಚೆ. ನಾನೇನು ಅಂದುಕೊಂಡೆ? ಎರಡೂ ಸಾಲು ಹಾಗಿದೆ ಅಂದ್ರೆ ಉಪ್ಪುನೀರೇ ತೆಳುವಾಗಿದೆ, ಕಲಸುವಾಗ ಹೆಚ್ಚುಕಮ್ಮಿ ಆಗಿದೆ. ಸಾಲುಗಳ ಮಧ್ಯೆ ವ್ಯತ್ಯಾಸ ಇಲ್ಲವಲ್ಲ, ಹುಡುಗಿ ರಕ್ತ ನನ್ನ ರಕ್ತದ ಹಾಗೇ ಇದೆ, ಸರಿಯಾಗಿದೆ. ಹೊಸದಾಗಿ ಉಪ್ಪುನೀರು ಮಾಡಿ ಮತ್ತೆ ನೋಡಬೇಕಿತ್ತು. ಬೇರೆ ಯಾರದ್ದಾದ್ರೂ ರಕ್ತ ಇಡಬೇಕಿತ್ತು. ಇಡಲಿಲ್ಲ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ. ರಿಪೋರ್ಟಲ್ಲಿ ನಾರ್ಮಲ್ ಅಂತ ಬರೆದು ಸಹಿಗೆ ಕಳಿಸಿದೆ. ತಾಯಿ ರಿಪೋರ್ಟನ್ನ ಕಣ್ಣಿಗೊತ್ತಿಕೊಂಡು ಹೋದ್ರು.

ಪೊರೆ ಸರಿಯಾಗಿದೆ ಅಂದ ಮೇಲೆ ಇನ್ನೇನು, ಲಿವರಿಂದಲೇ ಬಂದ ಕಾಮಾಲೆ ಅಂತ ಎಲ್ಲರೂ ತೀರ್ಮಾನ ಮಾಡಿದ್ರು. ಕೆ.ಆರ್. ಪುರದ ಕಡೆ ಯಾರೋ ಕಾಮಾಲೆಗೆ ನಾಟಿ ಔಷಧಿ ಕೊಡ್ತಾರಂತೆ. ಬೆಳಗ್ಗೆ ಖಾಲಿ ಹೊಟ್ಟೇಲಿ ಹೋಗಿ ಬೇರಿನ ರಸ ಕುಡೀಬೇಕು, ಆಮೇಲೆ ಪಥ್ಯ. ಎಣ್ಣೆ ಇಲ್ಲ, ಖಾರ ಇಲ್ಲ, ಮಾಂಸ ಇಲ್ಲ. ಹಬ್ಬದ ದಿನ ಮನೆತುಂಬ ಬಿರಿಯಾನಿ ಘಮ, ಈ ಹುಡುಗಿಗೆ ಮಾತ್ರ ಮಜ್ಜಿಗೆ ಅನ್ನ. ಇದೆಲ್ಲ ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ಆ ಎರಡು ವರ್ಷ ನಾನು ಬಸ್ಸಲ್ಲಿ ತೂಕಡಿಸ್ತಾ, ಕೆರೆ ನೋಡ್ತಾ, ಆರಾಮಾಗಿ ಓಡಾಡ್ತಿದ್ದೆ. ಆ ಟ್ಯೂಬಿನ ಪರೀಕ್ಷೆ ಇನ್ನೊಂದು ಬರಲೂ ಇಲ್ಲ.

ಹೋದ ವರ್ಷ ಮಳೆಗಾಲ ಶುರುವಾಗೋ ಹೊತ್ತಿಗೆ ಹುಡುಗಿಗೆ ಒಂದು ಜ್ವರ ಬಂತು. ಮಕ್ಕಳಿಗೆಲ್ಲ ಬಂದು ಹೋಗೋ ಸಾಮಾನ್ಯ ಜ್ವರ. ಆದ್ರೆ ಇವಳಿಗೆ, ಹನ್ನೆರಡರ ಆಸುಪಾಸು ಇರಬೇಕಾದ ಹಿಮೋಗ್ಲೋಬಿನ್ ನಾಲ್ಕೂವರೆಗೆ ಇಳಿದುಬಿಡ್ತು. ಆಸ್ಪತ್ರೆಗೆ ಸೇರಿಸಿದ್ರು. ಅಲ್ಲಿನ ಡಾಕ್ಟರಿಗೆ ಅನುಮಾನ. ರಕ್ತ ಏರಿಸೋದಕ್ಕೆ ಮುಂಚೆ ಸ್ಯಾಂಪಲ್ ತೆಗೆದು, ಅದೇ ಟ್ಯೂಬಿನ ಪರೀಕ್ಷೆ ಮತ್ತೆ ಮಾಡಿ ಅಂತ ನಮ್ಮಲ್ಲಿಗೆ ಕಳಿಸಿದ್ರು. ಚೀಟಿ ಮೇಲಿನ ಹೆಸರನ್ನ ಎರಡೆರಡು ಸಲ ಓದಿದೆ. ಹೊರಗೆ ಬೆಂಚಿನ ಮೇಲೆ ತಾಯಿ ಕೂತಿದ್ರು, ನಾಟಿ ಔಷಧಿ, ಪಥ್ಯ, ಎರಡು ವರ್ಷದ್ದೆಲ್ಲ ಹೇಳಿಕೊಂಡ್ರು. "ಉಳೀತಾಳಾ ಮೇಡಮ್?" ಅಂದ್ರು. ನಾನು ಸ್ಯಾಂಪಲ್ ಹಿಡಿದುಕೊಂಡು ಒಳಗೆ ನಡೆದೆ.

ಆ ಸಲ ಉಪ್ಪನ್ನ ಮೂರು ಸಲ ತೂಗಿದೆ. ಹೊಸ ನೀರು, ಹೊಸ ಟ್ಯೂಬು. ಎರಡು ಸಾಲು ಇಟ್ಟು, ಅರ್ಧ ಗಂಟೆ ಬಿಟ್ಟು, ಕಿಟಕಿಗೆ ಹಿಡಿದೆ. ಹುಡುಗಿಯದು ಬೇಗ ಒಡೆದಿತ್ತು. ನನ್ನದೂ ಬೇಗ ಒಡೆದಿತ್ತು.

ಉಪ್ಪುನೀರಲ್ಲಿ ತಪ್ಪಿಲ್ಲ ಅಂತ ನನಗೆ ಗೊತ್ತು. ಹಾಗಾದ್ರೆ? ನೆಲ ಒರೆಸ್ತಿದ್ದ ನಮ್ಮ ಆಯಮ್ಮನ್ನ ಕೂಗಿದೆ. ಹಲಸೂರಿನ ತಮಿಳು ಹೆಂಗಸು, ನನಗಿಂತ ಒಂದೆರಡು ವರ್ಷ ದೊಡ್ಡೋಳು, ಸೂಜಿ ಅಂದ್ರೆ ಮಾರು ದೂರ. "ಅಯ್ಯಯ್ಯೋ, ನಾನೇನ್ ಮಾಡಿದೆ ಅಮ್ಮಾ" ಅಂತ ಗೋಳಾಡಿದಳು. ಬೈದು, ಪುಸಲಾಯಿಸಿ, ಕೈ ಹಿಡಿದು ರಕ್ತ ತೆಗೆದೆ. ಮೂರನೇ ಸಾಲು ಇಟ್ಟೆ. ಅವಳ ಟ್ಯೂಬುಗಳು ಪುಸ್ತಕದಲ್ಲಿ ಬರೆದ ಹಾಗೇ ನಿಂತಿದ್ವು, ಒಡೆಯಬೇಕಾದ ಕಡೆ ಒಡೆದು, ತಿಳಿಯಾಗಿರಬೇಕಾದ ಕಡೆ ತಿಳಿಯಾಗಿ. ಆ ಮೂರು ಸಾಲಿನ ಬೆಳಕು ಗೋಡೆ ಮೇಲೆ ಬಿದ್ದಿತ್ತು. ಮೂರರಲ್ಲಿ ಎರಡು ಒಂದೇ ಥರ. ನಾನು ಎಷ್ಟು ಹೊತ್ತು ಹಾಗೇ ನಿಂತಿದ್ನೋ ಗೊತ್ತಿಲ್ಲ. ಆಯಮ್ಮ ಬಂದು "ಮಯಕ್ಕ ಬರ್ತಾ ಇದ್ಯಾ, ತಲೆ ತಿರುಗ್ತಾ ಇದ್ಯಾ, ಕೂತ್ಕೋ ಅಮ್ಮಾ" ಅಂತ ಸ್ಟೂಲು ಎಳೆದು ಕೊಟ್ಟಳು.

ಕೂತು, ನನ್ನದೇ ಬೆರಳು ಚುಚ್ಚಿಕೊಂಡು ಸ್ಲೈಡ್ ಮಾಡಿದೆ. ಮೂವತ್ತು ವರ್ಷ ಊರವರ ರಕ್ತವನ್ನೆಲ್ಲ ನೋಡಿದ ಹೆಂಗಸು ತನ್ನದನ್ನ ಮೈಕ್ರೋಸ್ಕೋಪಲ್ಲಿ ಒಂದು ದಿನವೂ ನೋಡಿರಲಿಲ್ಲ. ಕಣ್ಣಿಟ್ಟ ಕೂಡಲೇ ಸುತ್ತಲಿನ ಸದ್ದೆಲ್ಲ ದೂರವಾಯ್ತು, ಮಾಸ್ಕ್ ರೋಡಿನ ಹಾರ್ನು, ಹಿಂದಿನ ಮನೆಯ ಕುಕ್ಕರು. ನನ್ನ ಕಣಗಳು ತೇಲ್ತಾ ಬಂದ್ವು. ಸರಿಯಾದ ಕಣಕ್ಕೆ ನಡುವೆ ಒಂದು ತಗ್ಗಿರುತ್ತೆ, ಅಲ್ಲಿ ಬಣ್ಣ ತಿಳಿ. ನನ್ನವುಗಳಲ್ಲಿ ಎಷ್ಟೋ ಕಣಗಳಿಗೆ ಆ ತಗ್ಗೇ ಇಲ್ಲ. ಪುಟ್ಟ ಪುಟ್ಟ ಗುಂಡುಗಳು, ಗಾಢ ಬಣ್ಣ, ಅಂಚಲ್ಲಿ ನಡುಕವೇ ಇಲ್ಲದಷ್ಟು ಬಿಗಿ. ನಾನು ಹುಟ್ಟಿದಾಗಿಂದ ಇವು ನನ್ನೊಳಗೆ ಹೀಗೇ ಸುತ್ತುತ್ತಾ ಇದ್ವು, ನಾನು ಬಸ್ ಹಿಡಿಯೋವಾಗ, ಸಾರು ಕುದಿಸೋವಾಗ, ಮಗಳನ್ನ ಹೆತ್ತಾಗ. ಒಂದೊಂದೇ ನೆನಪು ಬಂತು. ಅರಿಶಿನ ಹಚ್ಚಿದ ಹಾಗಿದೆ ನಿನ್ನ ಕಣ್ಣು ಅಂತ ಅಮ್ಮ ಅಂತಿದ್ದದ್ದು. ಮೂವತ್ತನೇ ವಯಸ್ಸಿಗೇ, ಒಡೆದ ಕಣಗಳ ಹಳದಿಯೇ ಗಟ್ಟಿಕಟ್ಟಿ, ಪಿತ್ತಕೋಶದಲ್ಲಿ ಕಲ್ಲು ಅಂತ ಆಪರೇಷನ್ ಆಗಿದ್ದು. ಸ್ವಲ್ಪ ಓಡಾಡಿದ್ರೆ ಸುಸ್ತು ಅಂತ ಕೂತು, ಎಲ್ಲ ಹೆಂಗಸರಿಗೂ ಇರೋದೇ ಅಂತ ಸುಮ್ಮನಾಗಿದ್ದು. ಅಷ್ಟೂ ಕಣ್ಣೆದುರಿಗೇ ಇತ್ತು, ನನಗೆ ಮಾತ್ರ ಕಾಣಲಿಲ್ಲ.

ಮೊದಲು ಬಂದದ್ದು ನನ್ನ ಬಗ್ಗೆ ಭಯ ಅಲ್ಲ, ನಾಚಿಕೆ. ಥೂ ನಿನ್ನ, ಅಂತ ನನಗೆ ನಾನೇ ಅಂದುಕೊಂಡೆ. ಎರಡು ವರ್ಷ ಆ ಮಗು ಮಜ್ಜಿಗೆ ಅನ್ನ ತಿಂದದ್ದು ನನ್ನ ಜಂಬದಿಂದ.

ಆಸ್ಪತ್ರೆಗೆ ಆ ಕ್ಷಣವೇ ಫೋನ್ ಮಾಡಿದೆ. ಲ್ಯಾಬಿನ ಯಜಮಾನರು, ಅವರೂ ಡಾಕ್ಟ್ರೇ, ಆಯಮ್ಮನ ಸಾಲನ್ನ ಪಕ್ಕದಲ್ಲಿಟ್ಟು ತಾವೇ ನೋಡಿ ಹೊಸ ರಿಪೋರ್ಟಿಗೆ ಸಹಿ ಹಾಕಿದ್ರು. ಹುಡುಗಿಯ ಕಾಯಿಲೆಗೆ ಹೆಸರು ಸಿಕ್ತು. ರಕ್ತ ಏರಿಸಿದ್ರು, ವಾರದಲ್ಲಿ ಚೇತರಿಸಿಕೊಂಡು ಮನೆಗೆ ಹೋದಳು. ಯಜಮಾನರು ನನ್ನನ್ನ ಒಳಗೆ ಕರೆದು ಹೇಳಿದ್ರು, "ಈಗ ಸರಿಯಾದ ರಿಪೋರ್ಟ್ ಹೋಗಿದೆಯಲ್ಲ. ಹಳೇದರ ಮಾತು ಬೇಡ. ನೀವೂ ಒಂದು ಸ್ಕ್ಯಾನ್ ಮಾಡಿಸ್ಕೊಳ್ಳಿ, ರಜಾ ತಗೊಳ್ಳಿ." ಒಳ್ಳೇ ಮನುಷ್ಯರೇ. ಆದ್ರೆ ನನಗೆ ಆಮೇಲೆ ಬಸ್ಸಲ್ಲಿ ನಿದ್ದೆ ಬರಲಿಲ್ಲ. ಆ ತಾಯಿ ರಿಪೋರ್ಟನ್ನ ಕಣ್ಣಿಗೊತ್ತಿಕೊಂಡದ್ದು ಕಣ್ಮುಂದೆ ಬರ್ತಾನೇ ಇತ್ತು.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಶಿವಾಜಿನಗರದ ಗಲ್ಲಿಯಲ್ಲಿ ಮೊದಲನೇ ಮಹಡಿ, ಒಂದೇ ಕೋಣೆ, ಕಿಟಕಿ ಪಕ್ಕ ಹೊಲಿಗೆ ಮೆಷಿನ್ನು. ಬಣ್ಣಬಣ್ಣದ ಬಟ್ಟೆ ಚೂರುಗಳ ಮೇಲೆ ಬಿಸಿಲು ಬಿದ್ದು ಕೋಣೆಯೆಲ್ಲ ತೇಲ್ತಿರೋ ಹಾಗಿತ್ತು. ಹುಡುಗಿ ಒಂದು ಮೂಲೇಲಿ ದಿಂಬಿಗೊರಗಿ ಹೋಂವರ್ಕ್ ಬರೀತಿದ್ದಳು. ತಾಯಿ ಟೀ ಕೊಟ್ರು. ಟೀ ಕುಡಿದ ಮೇಲೆ ಹೇಳೋಕಾಗಲ್ಲ ಅನ್ನಿಸಿ ಲೋಟ ಪಕ್ಕಕ್ಕಿಟ್ಟೆ.

ಮೊದಲು ಕಾಯಿಲೆ ಏನು ಅಂತ ಹೇಳಿದೆ. ಮೆಷಿನ್ ಮೇಲಿದ್ದ ಬ್ಲೌಸು ಎತ್ತಿಕೊಂಡು, ಒಳಗಡೆ ಹೊಲಿಗೆ ಪಕ್ಕ ಬಿಟ್ಟಿದ್ದ ಬಟ್ಟೆ ತೋರಿಸಿದೆ. "ಇದನ್ನ ಯಾಕೆ ಬಿಡ್ತೀರ?"

"ನಾಳೆ ದಪ್ಪ ಆದ್ರೆ ಬಿಚ್ಚೋಕೆ" ಅಂದ್ರು.

"ರಕ್ತಕಣದ ಪೊರೆಯಲ್ಲೂ ಹಾಗೇ ಹೆಚ್ಚಿಗೆ ಬಿಟ್ಟಿರುತ್ತೆ. ನೀರು ಒಳಗೆ ಬಂದಾಗ ಹಿಗ್ಗೋಕೆ, ಸಂದೀಲಿ ಹಾದುಹೋಗುವಾಗ ಮಡಚಿಕೊಳ್ಳೋಕೆ. ನಿಮ್ಮ ಮಗಳ ಕಣದಲ್ಲಿ ಪೊರೆ ಒಳಗಿನ ಬಲೆಗೆ ಗಟ್ಟಿಯಾಗಿ ಕೂತಿಲ್ಲ, ಚೂರು ಚೂರೇ ಕಳಚಿ ಹೋಗುತ್ತೆ. ಆ ಹೆಚ್ಚಿಗೆ ಬಟ್ಟೆ ಉಳಿದಿಲ್ಲ."

"ಟೈಟ್ ಬ್ಲೌಸು. ಎಳೆದ್ರೆ ಹರಿಯುತ್ತೆ" ಅಂತ ಅವರೇ ಮುಗಿಸಿದ್ರು. ಡಾಕ್ಟ್ರು ಇಷ್ಟು ದಿನ ಹೇಳಿದ್ದು ಈಗ ಅರ್ಥ ಆಯ್ತು ಅಂದ್ರು. ಹಾಗೆ ಕಣಗಳು ಬೇಗ ಹಾಳಾಗೋದರಿಂದ್ಲೇ ಕಣ್ಣು ಹಳದಿ, ಲಿವರು ಚೆನ್ನಾಗೇ ಇದೆ, ಪಥ್ಯ ಬೇಕಾಗೇ ಇರಲಿಲ್ಲ ಅಂದೆ.

ಆಮೇಲೆ ಉಳಿದದ್ದೂ ಹೇಳಿದೆ. ಎರಡು ವರ್ಷದ ಹಿಂದೆ ಹೋಲಿಸಿ ನೋಡೋಕೆ ಇಟ್ಟ ರಕ್ತ ನನ್ನದು. ನನ್ನ ಪೊರೆಯೂ ಹೀಗೇ ಇದೆ, ನನಗೇ ಗೊತ್ತಿರಲಿಲ್ಲ. ಎರಡೂ ಒಂದೇ ಥರ ಕಂಡದ್ದಕ್ಕೆ ಸರಿಯಾಗಿದೆ ಅಂತ ಬರೆದೆ. ಇನ್ನೊಂದು ಸಲ ನೋಡಿದ್ರೆ ಆವತ್ತೇ ಗೊತ್ತಾಗ್ತಿತ್ತು. ನೋಡಲಿಲ್ಲ. ತಪ್ಪು ನನ್ನದು.

ತಾಯಿಯ ಕೈ ಬ್ಲೌಸಿನ ಮೇಲೆ ನಿಂತುಬಿಡ್ತು. ಮುಖ ಕೆಂಪಾಯ್ತು. "ಎರಡು ವರ್ಷ" ಅಂದ್ರು. "ಎರಡು ವರ್ಷ ನನ್ನ ಕೈಯಾರೆ ಈ ಹುಡ್ಗಿ ತಟ್ಟೆಯಿಂದ ಕಬಾಬು ಕಿತ್ಕೊಂಡಿದೀನಿ ಮೇಡಮ್. ಅಳ್ತಾ ಇದ್ದಳು. ಹೊಡೆದೂ ಇದೀನಿ. ಜ್ವರದಲ್ಲಿ ಹೋಗ್ಬಿಟ್ಟಿದ್ರೆ? ಹೇಳಿ, ಹೋಗ್ಬಿಟ್ಟಿದ್ರೆ?" ನಾನು ತಲೆ ತಗ್ಗಿಸಿಕೊಂಡು ಕೂತೆ. ಅವರು ಗೋಡೆ ಕಡೆ ಮುಖ ತಿರುಗಿಸಿಕೊಂಡ್ರು.

ಮೂಲೆಯಲ್ಲಿದ್ದ ಹುಡುಗಿ ಪುಸ್ತಕ ಮಡಚಿಟ್ಟು ಎದ್ದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನೆದುರು ಮೊಣಕಾಲೂರಿ ಕೂತು, ಹೆಬ್ಬೆರಳಿಂದ ನನ್ನ ಕಣ್ಣಿನ ಕೆಳರೆಪ್ಪೆ ಎಳೆದಳು, ಎಷ್ಟು ಡಾಕ್ಟರುಗಳು ಅವಳಿಗೆ ಹಾಗೆ ಮಾಡಿದ್ರೋ. "ಮೇಲೆ ನೋಡಿ ಖಾಲಾ" ಅಂದಳು. ನಾನು ಮೇಲೆ ನೋಡಿದೆ.

"ಸ್ವಲ್ಪ ಹಳದಿ ಇದೆ" ಅಂದಳು. ಆಮೇಲೆ ಇನ್ನೊಂದು ಕಣ್ಣನ್ನೂ ನೋಡಿದಳು. "ಚಿಕ್ಕೋರಿದ್ದಾಗಿಂದಾನೂ ಹೀಗೇನಾ?"

"ಹೌದು ಪುಟ್ಟಾ. ಹುಟ್ಟಿದಾಗಿಂದ."

"ಈಗ ನಿಮಗೆ ವಯಸ್ಸೆಷ್ಟು?"

"ಐವತ್ತಾರು."

ಹುಡುಗಿಯ ಬೆರಳು ನನ್ನ ಕೆನ್ನೆ ಮೇಲೇ ನಿಂತಿತು. ಕುತ್ತಿಗೆ ತಿರುಗಿಸಿ, ಗೋಡೆ ನೋಡ್ತಿದ್ದ ತಾಯಿಗೆ ಕೂಗಿ ಹೇಳಿದಳು. "ಅಮ್ಮೀ! ಐವತ್ತಾರಂತೆ!"

ತಾಯಿ ತಿರುಗಿದ್ರು. ನನ್ನ ನರೆತ ಕೂದಲು, ಕನ್ನಡಕ, ಕೈಬಳೆ, ಕಾಲುಂಗುರ, ಒಂದೊಂದನ್ನೂ ಆಗ ತಾನೇ ಕಂಡ ಹಾಗೆ ನೋಡಿದ್ರು. ಸಿಟ್ಟು ಇನ್ನೂ ಮುಖದಲ್ಲೇ ಇತ್ತು. ಆ ಸಿಟ್ಟಲ್ಲೇ ಎದ್ದು ಬಂದು, ನನ್ನ ಮುಖವನ್ನ ಎರಡೂ ಕೈಲಿ ಹಿಡಿದುಕೊಂಡು, ಗಟ್ಟಿಯಾಗಿ ಅಳೋಕೆ ಶುರು ಮಾಡಿದ್ರು.